ಎರಡೂವರೆ ಎಕರೆ ಹೊಲಕ್ಕೆ ಭಾನುವಾರದ ಅತಿಥಿಗಳು: ಲೆಕ್ಕ ಕೂಡುತ್ತದೆಯೇ?

ಪ್ರಶ್ನೆ, ಶಿರೂರಿನಿಂದ: ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ. ಜೋಳ, ಈರುಳ್ಳಿ, ಒಂದು ಬಾವಿ, ಎರಡು ಎಮ್ಮೆ. ರಾಂಜಣಗಾಂವ್ ಗಣಪತಿಗೆ ಬರುವವರನ್ನು ಹೊಲಕ್ಕೆ ಕರೆದು ಊಟ ಹಾಕಿದರೆ ನಾಲ್ಕು ದುಡ್ಡು ಉಳಿಯುತ್ತದೆ ಅಂತಾರೆ. ಸಾಲ ಮಾಡಿ ನಾಲ್ಕು ಕೋಣೆ ಕಟ್ಟಿಸೋಣವೇ? ತಿಳಿದವರು ಹೇಳಿ.

ಹಡಪ್ಸರ್‌ನಿಂದ: ಅಕ್ಕಾ, ಕೋಣೆ ಈಗಲೇ ಬೇಡ. ವಾರದ ಐದು ದಿನ ಖಾಲಿ ಬಿದ್ದರೂ ಕಂತು ನಿಲ್ಲುವುದಿಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದಲೇ ಶುರು ಮಾಡಿ.

ಲೆಕ್ಕ ಹೀಗೆ ಹಾಕಿ. ತಲೆಗೆ 600 ರೂಪಾಯಿ ಇಟ್ಟರೆ, ದಿನಸಿ, ಹಾಲು, ತಿಂಡಿಗೆ 170 ಹೋಗಿ 430 ಉಳಿಯಿತು. ಐದು ಜನ ಕೆಲಸದವರ ಕೂಲಿ 2,500. ಗ್ಯಾಸು, ಕುಡಿಯುವ ನೀರು, ಸ್ವಚ್ಛತೆಗೆ 1,500. ಈ 4,000 ಜನ ಬಂದರೂ ಬರದಿದ್ದರೂ ಖರ್ಚೇ. ಹತ್ತು ಜನ ಬಂದರೆ ಅಸಲು ಹುಟ್ಟುತ್ತದೆ, ನಲವತ್ತು ಜನ ಬಂದರೆ ದಿನಕ್ಕೆ 13,200 ಉಳಿಯುತ್ತದೆ. ದರಗಳನ್ನು ನಿಮ್ಮ ಊರಿನ ಕೂಲಿ, ಕಿರಾಣಿಗೆ ತಕ್ಕಂತೆ ಬದಲಿಸಿಕೊಳ್ಳಿ. ಗುರುವಾರದೊಳಗೆ ಅರ್ಧ ಮುಂಗಡ ಬಂದರೆ ಮಾತ್ರ ಊಟದ ಎಲೆ ಲೆಕ್ಕಕ್ಕೆ ಹಿಡಿಯಿರಿ. ನಲವತ್ತು ಜನರಿಗೆ ಅಡುಗೆ ಮಾಡಿ ಇಪ್ಪತ್ತೈದು ಜನ ಬಂದರೆ ಲಾಭದ ಬಹುಪಾಲು ಅಲ್ಲೇ ಕರಗುತ್ತದೆ.

ವಿಜಯಪುರ ಮೂಲ, ಈಗ ಕೋಥ್ರೂಡ್: ನಿಮ್ಮ ನಿಜವಾದ ಬಂಡವಾಳ ಸೀತನಿ, ಅಂದರೆ ಕೆಂಡದಲ್ಲಿ ಸುಟ್ಟ ಜೋಳದ ಹಸಿತೆನೆಯ ಕಾಳು, ಇಲ್ಲಿಯವರ ಹುರ್ಡಾ. ಅದಕ್ಕಾಗಿಯೇ ಜನ ಪುಣೆಯಿಂದ ಬರುತ್ತಾರೆ. ಒಣಜೋಳದ ತಳಿ ಬಿತ್ತಿ ಅದರ ಹಸಿತೆನೆ ಸುಟ್ಟುಕೊಡಬೇಡಿ, ಕಾಳು ತೆನೆಯಿಂದ ಸಲೀಸಾಗಿ ಬಿಡುವುದಿಲ್ಲ. ಹುರ್ಡಾಕ್ಕೆಂದೇ ಇರುವ ಗುಳ್‌ಭೇಂಡಿ, ಸುರ್ತಿ ಅಥವಾ ರಾಹುರಿ ಕೃಷಿ ವಿದ್ಯಾಪೀಠದ ಫುಲೆ ಉತ್ತರಾ, ಫುಲೆ ಮಧುರ್ ಹಾಕಿ.

ಒಂದೇ ದಿನ ಎಲ್ಲ ಬಿತ್ತಿದರೆ ಕೆಟ್ಟಿತು. ಕಾಳು ಹದದಲ್ಲಿರುವುದು ಸುಮಾರು ಒಂದು ವಾರ, ಆಮೇಲೆ ಗಟ್ಟಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ವಾರಕ್ಕೊಂದು ಗುಂಟೆಯಂತೆ ಐದು ಸಲ ಬಿತ್ತಿ. 45 × 15 ಸೆಂ.ಮೀ. ಅಂತರದಲ್ಲಿ ಗುಂಟೆಗೆ ಸುಮಾರು 1,500 ಗಿಡ. ಸುಳಿ ನೊಣ, ಗಿಳಿ ಎಲ್ಲಾ ಕಳೆದು ಸಾವಿರ ತೆನೆ ಅಂತ ಹಿಡಿಯಿರಿ. ತಲೆಗೆ ಐದು ತೆನೆ ಆದರೆ ಶನಿವಾರ, ಭಾನುವಾರ ಸೇರಿ ಎಂಬತ್ತು ಜನರಿಗೆ ನಾನೂರು ಸಾಕು. ಉಳಿದದ್ದು ಬಿಡಿಸಿ ಪೊಟ್ಟಣ ಕಟ್ಟಿ ಮಾರಬಹುದು. ತೆನೆ ಹೊರಟ ಮೇಲೆ ಯಾವ ಔಷಧವನ್ನೂ ಹೊಡೆಯಬೇಡಿ, ಬಲೆ ಕಟ್ಟಿ.

ಹದ ಉಗುರಿನಿಂದ ನೋಡಿ: ಒತ್ತಿದರೆ ಹಾಲು ಚಿಮ್ಮಿತೋ, ಇನ್ನೂ ಎಳಸು, ಉಗುರು ಇಳಿಯಲಿಲ್ಲವೋ, ಮೀರಿತು. ಬೆಳಿಗ್ಗೆ ಕೊಯ್ದದ್ದನ್ನು ಅದೇ ದಿನ ಸುಡಬೇಕು, ಮರುದಿನಕ್ಕೆ ಸಿಹಿ ಇಳಿದುಹೋಗುತ್ತದೆ. ಅರ್ಧ ಅಡಿ ಆಳದ ಕುಣಿಯಲ್ಲಿ ಕುಳ್ಳು (ಬೆರಣಿ) ಉರಿಸಿ, ಹೊಗೆ ಪೂರ್ತಿ ನಿಂತ ಮೇಲೆ ಕೆಂಡದ ಬೂದಿಯೊಳಗೆ ತೆನೆ ತೂರಿಸಿ, ತಿರುಗಿಸುತ್ತಾ ಎರಡು ಮೂರು ನಿಮಿಷ. ಬಿಸಿ ಇರುವಾಗಲೇ ತಿಕ್ಕಿದರೆ ಕಾಳು ಉದುರುತ್ತದೆ. ಉರಿ ಇರುವಾಗ ಇಟ್ಟರೆ ಹೊರಗೆ ಕರಕಲು, ಒಳಗೆ ಹಸಿ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ, ಗಟ್ಟಿ ಮೊಸರು. ಎಮ್ಮೆ ಇದ್ದದ್ದು ಒಳ್ಳೆಯದೇ ಆಯಿತು.

ಜುನ್ನರ್‌ನಿಂದ: ಮೊದಲ ಖರ್ಚು ಶೌಚಾಲಯಕ್ಕೆ ಮಾಡಿ. ನಲವತ್ತು ಜನಕ್ಕೆ ಮೂರಾದರೂ ಬೇಕು, ಹೆಂಗಸರಿಗೆ ಬೇರೆ. ಇಂಗುಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ, ಇಳಿಜಾರಿನ ಕೆಳಗಡೆಗೆ. ಬಾವಿಗೆ ಕಟ್ಟೆ, ಜಾಲರಿ ಇಲ್ಲದೆ ಒಂದು ಮಗುವನ್ನೂ ಹೊಲಕ್ಕೆ ಬಿಡಬೇಡಿ.

ಶಿರೂರು, ಜುನ್ನರ್, ಆಂಬೇಗಾಂವ್ ಕಡೆ ಕಬ್ಬಿನಲ್ಲಿ ಚಿರತೆ ಇರುತ್ತದೆ. ಚಳಿಗಾಲದಲ್ಲಿ ಐದೂವರೆಗೇ ಅತಿಥಿಗಳನ್ನು ಕಳಿಸಿಬಿಡಿ. ಎಂಜಲು ಬಯಲಿಗೆ ಎಸೆದರೆ ನಾಯಿ ಸೇರುತ್ತವೆ, ನಾಯಿಯ ಹಿಂದೆ ಚಿರತೆ ಬರುತ್ತದೆ.

ಮಹಾರಾಷ್ಟ್ರ ರಾಜ್ಯದ 2020ರ ಕೃಷಿ ಪ್ರವಾಸೋದ್ಯಮ ನೀತಿಯಲ್ಲಿ ಪ್ರವಾಸೋದ್ಯಮ ಸಂಚಾಲನಾಲಯದ ನೋಂದಣಿ ಇದೆ. ಒಂದು ಎಕರೆ ಇದ್ದವರೂ ಅರ್ಜಿ ಹಾಕಬಹುದು, ಸಾತ್‌ಬಾರಾ ಉತಾರ (ಇಲ್ಲಿಯ ಪಹಣಿ) ಕೈಯಲ್ಲಿರಲಿ. ಊಟ ಬಡಿಸುವುದಕ್ಕೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು. ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲ. ಅತಿಥಿಗಳಿಂದ ಬಂದದ್ದು ಕೃಷಿ ಆದಾಯವಲ್ಲ. ಎರಡಕ್ಕೂ ಬೇರೆ ಬೇರೆ ವಹಿ ಇಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಕೋಣೆ ಬಿಟ್ಟೆವು, ಶೌಚಾಲಯ ಮೊದಲು. ಜನವರಿಯ ಜೊತೆ ಸೀತನಿ ಕಾಲವೂ ಮುಗಿದ ಮೇಲೆ ಏನು ಮಾಡುವುದು?

ಹಡಪ್ಸರ್‌ನಿಂದ: ಸೀತನಿಗೆ ಬಂದವರ ಹೆಸರು, ವಾಟ್ಸಾಪ್ ನಂಬರು ಬರೆದಿಟ್ಟುಕೊಂಡು ಈರುಳ್ಳಿಗೆ ಆಗಲೇ ಮುಂಗಡ ಬರೆಸಿಕೊಳ್ಳಿ. ಹಿಂಗಾರಿಯದು ಮಾರ್ಚ್, ಏಪ್ರಿಲ್‌ನಲ್ಲಿ ಕಿತ್ತು, ಸೊಪ್ಪಿನ ಸಮೇತ ಮೂರು ದಿನ ಹೊಲದಲ್ಲೇ ಒಣಗಿಸಿ, ಕುತ್ತಿಗೆ ಒಂದು ಇಂಚು ಬಿಟ್ಟು ಕತ್ತರಿಸಿ. ತೀರಾ ಬುಡಕ್ಕೆ ಕತ್ತರಿಸಿದರೆ ಅಲ್ಲಿಂದಲೇ ಕೊಳೆ ಇಳಿಯುತ್ತದೆ. ಐದು ಕಿಲೋ ಜಾಳಿಗೆ ಚೀಲ ಮಾಡಿ, ಪುಣೆಯ ಖರಾಡಿಯದೋ ಹಡಪ್ಸರ್‌ನದೋ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಒಂದೇ ಸಲ ಇಳಿಸಿ. ಮನೆಮನೆಗೆ ಹಂಚಲು ಹೋದರೆ ಡೀಸೆಲ್ಲೇ ಲಾಭವನ್ನೆಲ್ಲ ನುಂಗುತ್ತದೆ.