ಲೋ ತುಖಲ್ ಲೆಹಿತ್‌ಅಲೇಮ್: ಬಾರದು, ಕೂಡದು, ಆಗದು, ಇವುಗಳಲ್ಲಿ ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ಹೀಬ್ರೂ ಮಾತಿಗೆ ಕನ್ನಡ ಹುಡುಕುತ್ತಿದ್ದೇನೆ. ಮೂರೇ ಪದ, ಆದರೆ ಎರಡು ವಾರದಿಂದ ತಲೆಯಲ್ಲೇ ಕೂತಿದೆ.

ನಾನು ಇಸ್ರೇಲಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮಂಗಳೂರು, ಉಡುಪಿ ಕಡೆಯವರು ಇಲ್ಲಿ ಈ ಕೆಲಸದಲ್ಲಿ ಬಹಳ ಜನ ಇದ್ದಾರೆ. ಈ ಮನೆಯಲ್ಲಿ ಶುಕ್ರವಾರ ರಾತ್ರಿ ಮಕ್ಕಳು ಮೊಮ್ಮಕ್ಕಳೆಲ್ಲ ಊಟಕ್ಕೆ ಸೇರುತ್ತಾರೆ. ಊಟದ ನಡುವೆ ಯಾರಾದರೊಬ್ಬರು ಆ ವಾರದ ಪರಾಶಾದಿಂದ ಒಂದು ವಿಷಯ ಎತ್ತಿಕೊಂಡು ನಾಲ್ಕು ಮಾತು ಹೇಳಬೇಕು. ಯಹೂದಿಗಳ ಧರ್ಮಗ್ರಂಥ ತೋರಾವನ್ನು 54 ಭಾಗ ಮಾಡಿ, ಕೆಲವು ವಾರ ಎರಡು ಭಾಗ ಸೇರಿಸಿ, ವರ್ಷದಲ್ಲಿ ಓದಿ ಮುಗಿಸುತ್ತಾರೆ. ಆ ಒಂದೊಂದು ಭಾಗವೇ ಪರಾಶಾ. ನಾನು ಅದನ್ನು ‘ವಾರದ ಓದು’ ಅಂತ ಕರೆದುಕೊಂಡಿದ್ದೇನೆ, ಅದರಲ್ಲಿ ತೊಂದರೆ ಇಲ್ಲ.

ಸಿಕ್ಕಿಬಿದ್ದದ್ದು ‘ಕೀ ತೇತ್ಸೇ’ ವಾರದಲ್ಲಿ. ಇದು ಧರ್ಮೋಪದೇಶಕಾಂಡದ ಭಾಗ, ಇದರಲ್ಲಿ 74 ವಿಧಿಗಳನ್ನು ಎಣಿಸುತ್ತಾರೆ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟು, ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು, ಹೀಗೆ ದಿನ ಬೆಳಗಾದರೆ ಎದುರಾಗುವ ಸಂಗತಿಗಳೇ ಜಾಸ್ತಿ. 22ನೇ ಅಧ್ಯಾಯ ಶುರುವಾಗುವುದೇ ಕಳೆದುಹೋದ ವಸ್ತುಗಳಿಂದ. ನಿನ್ನ ಸಹೋದರನ ಎತ್ತೋ ಕುರಿಯೋ ತಪ್ಪಿಸಿಕೊಂಡು ಅಲೆಯುತ್ತಿದ್ದರೆ ಅವನಿಗೆ ಮುಟ್ಟಿಸು, ಅವನು ಯಾರೆಂದು ಗೊತ್ತಿಲ್ಲದಿದ್ದರೆ ಮನೆಗೆ ತಂದು, ಅವನು ಹುಡುಕಿಕೊಂಡು ಬರುವ ತನಕ ಇಟ್ಟುಕೋ. ಬಟ್ಟೆಯಾದರೂ ಅಷ್ಟೇ, ಇನ್ನೇನಾದರೂ ಅಷ್ಟೇ. ಆಮೇಲೆ ಈ ಮೂರು ಪದ: ಲೋ ತುಖಲ್ ಲೆಹಿತ್‌ಅಲೇಮ್. ಸುಮಾರಾಗಿ, ಕಂಡೂ ಕಾಣದಂತೆ ಹೋಗುವ ಹಾಗಿಲ್ಲ ಅಂತ.

ಆ ವಾರವೇ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗುವಾಗ ದಾರಿಯಲ್ಲಿ ಒಂದು ಪುಟ್ಟ ಮಗುವಿನ ಚಪ್ಪಲಿ ಬಿದ್ದಿತ್ತು. ನಾನು ನೋಡಿದೆ, ಕುರ್ಚಿಯನ್ನು ಸ್ವಲ್ಪ ಬದಿಗೆ ತಿರುಗಿಸಿ ಮುಂದೆ ಹೋದೆ. ಅಜ್ಜಿ ನಿಲ್ಲಿಸು ಎಂದರು. ಹಿಂದೆ ಹೋಗಿ ಅದನ್ನು ಎತ್ತಿ, ಹತ್ತಿರದ ಕಾಂಪೌಂಡ್ ಗೋಡೆಯ ಮೇಲೆ ಕಾಣುವ ಹಾಗೆ ಇಡಿಸಿದರು. ಬೈಯಲಿಲ್ಲ. ಆದರೆ ಶುಕ್ರವಾರ ಮೊಮ್ಮಗ ಈ ಸಾಲು ಓದಿದಾಗ ನನ್ನ ಕಡೆ ನೋಡಿ ನಕ್ಕರು. ನನಗೆ ನಿಜಕ್ಕೂ ಒಳಗೆಲ್ಲೋ ಚುಚ್ಚಿತು, ಯಾಕೆಂದರೆ ನಾನು ಆ ಚಪ್ಪಲಿಯನ್ನು ಕಂಡಿದ್ದೆ, ಅದಕ್ಕಾಗಿಯೇ ಕುರ್ಚಿ ತಿರುಗಿಸಿದ್ದೆ!

ಈಗ ಪದಕ್ಕೆ ಬರುತ್ತೇನೆ. ‘ಹಿತ್‌ಅಲೇಮ್’ನ ಬೇರಿಗೆ ಮರೆಯಾಗು, ಅಡಗು ಎಂಬ ಅರ್ಥ. ‘ಹಿತ್’ ಸೇರಿದಾಗ ತನ್ನನ್ನು ತಾನು ಮರೆಮಾಡಿಕೊಳ್ಳುವುದು, ನಮ್ಮ ‘ಕೊಳ್ಳು’ ಮಾಡುವ ಕೆಲಸದ ಹಾಗೆ. ಅಂದರೆ ವಸ್ತು ಕಳೆದುಹೋಗಿದೆ, ಕಂಡವನೂ ತಲೆಮರೆಸಿಕೊಳ್ಳುತ್ತಾನೆ. ಎಷ್ಟು ಸರಿಯಾಗಿದೆ ಅಲ್ವಾ? 11ನೇ ಶತಮಾನದ ರಾಶಿ ಎಂಬ ವ್ಯಾಖ್ಯಾನಕಾರರು ಇದಕ್ಕೆ, ಕಾಣಲೇ ಇಲ್ಲ ಎಂಬಂತೆ ಕಣ್ಣನ್ನು ಅದುಮಿಕೊಳ್ಳುವುದು ಎಂದು ಅರ್ಥ ಹೇಳುತ್ತಾರೆ.

‘ಕಡೆಗಣಿಸು’, ‘ಉಪೇಕ್ಷಿಸು’ ನನಗೆ ಸಪ್ಪೆ ಅನ್ನಿಸುತ್ತವೆ. ಅವುಗಳಲ್ಲಿ ಕಣ್ಣೂ ಇಲ್ಲ, ಅಡಗುವುದೂ ಇಲ್ಲ. ‘ಜಾಣಕುರುಡು’ ಎಂದಾಗ ಖುಷಿಯಾಯಿತು, ಆದರೆ ಅದಕ್ಕೊಂದು ತೊಡಕಿದೆ. ಈ ಅಧ್ಯಾಯದ ಮೊದಲನೇ ವಚನದಲ್ಲೂ ಇದೇ ಕ್ರಿಯಾಪದ ಇದೆ, ಅದನ್ನು ತಾಲ್ಮೂದಿನವರು (ತೋರಾದ ವಿಧಿಗಳನ್ನು ಚರ್ಚಿಸಿದ ಹಳೆಯ ಪಂಡಿತರು) ಕೆಲವು ಸಲ ಕಾಣದಂತೆ ಹೋದರೂ ಸರಿ ಎಂದೂ ಓದುತ್ತಾರೆ. ಉದಾಹರಣೆಗೆ, ಮಾನವಂತ ಮುದುಕರೊಬ್ಬರು ತಮ್ಮದೇ ಆಗಿದ್ದರೂ ಬೀದಿಯಲ್ಲಿ ಹೊತ್ತುಕೊಂಡು ಬರುತ್ತಿರಲಿಲ್ಲ ಎನ್ನುವಂಥ ವಸ್ತುವಾದರೆ, ಅವರು ಅದನ್ನು ಹೊರಬೇಕಿಲ್ಲ. ಅಂಥವರನ್ನು ಜಾಣಕುರುಡರು ಎನ್ನಲಾದೀತೇ? ಅದು ಬೈಗುಳವಾಗುತ್ತದೆ. ಹಾಗಾಗಿ ‘ಕಂಡೂ ಕಾಣದ ಹಾಗೆ ಇರು’ ಎಂಬುದೇ ಎರಡೂ ಕಡೆ ನಿಲ್ಲುತ್ತದೆ ಅಂತ ನನ್ನ ಅಭಿಪ್ರಾಯ.

ಹೆಚ್ಚು ಗೊಂದಲ ‘ಲೋ ತುಖಲ್’ನದು. ಅಕ್ಷರಶಃ ‘ನಿನ್ನಿಂದ ಆಗದು’, ‘ನೀನು ಮಾಡಲಾರೆ’. ಇರಬೇಡ ಎಂದಿದ್ದರೆ ಮುಗಿಯುತ್ತಿತ್ತು. ಮೊಮ್ಮಗ ಹೇಳಿದ್ದು: ಇದು ಬರೀ ಅಪ್ಪಣೆಯಲ್ಲ, ಎತ್ತಿ ಕೊಟ್ಟು ಕೊಟ್ಟು ಅಭ್ಯಾಸವಾದವನಿಗೆ ಸುಮ್ನೆ ದಾಟಿ ಹೋಗಲು ಕಾಲೇ ಏಳುವುದಿಲ್ಲ. ಅವನ ಮಾವ ತಕ್ಷಣ ಎದುರು ಹೇಳಿದರು. ಇದೇ ಕಾಂಡದ 12ನೇ ಅಧ್ಯಾಯದಲ್ಲೂ ‘ಲೋ ತುಖಲ್’ ಬರುತ್ತದೆ, ಅಲ್ಲಿ ರಬ್ಬಿ (ಧರ್ಮಗುರು) ಯೆಹೋಶುವಾ ಬೆನ್ ಕೋರ್ಖಾ ಎಂಬ ಹಳೆಯ ಪಂಡಿತರು ‘ನಿನ್ನಿಂದ ಆಗುತ್ತದೆ, ಆದರೆ ನಿನಗೆ ಅನುಮತಿ ಇಲ್ಲ’ ಎಂದು ಬಿಡಿಸಿದ್ದಾರಂತೆ. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ನಾನು ಪಾತ್ರೆ ಎತ್ತುತ್ತಾ ಕನ್ನಡದ ಬಗ್ಗೆ ಯೋಚಿಸುತ್ತಿದ್ದೆ.

ಯಾಕೆಂದರೆ ನಮ್ಮಲ್ಲಿ ಈ ಎರಡೂ ಒಂದೇ ಪದದಲ್ಲಿವೆ. ‘ನನಗೆ ಈಜಲು ಬಾರದು’ ಎಂದರೆ ಶಕ್ತಿ ಇಲ್ಲ. ‘ನೀನು ಈಜಬಾರದು’ ಎಂದರೆ ಬೇಡ. ‘ಕೂಡದು’ ಈಗ ಬರೀ ನಿಷೇಧ, ಆದರೆ ‘ಕೈಗೂಡು’ ಎನ್ನುವಾಗ ಸಾಧ್ಯವಾಗುವ ಅರ್ಥ ಇನ್ನೂ ಉಸಿರಾಡುತ್ತಿದೆ. ಹವ್ಯಕರು ‘ಹಾಂಗೆ ಮಾಡ್ಲಾಗ’ ಎನ್ನುತ್ತಾರೆ, ಅಲ್ಲಿ ಇರುವುದು ‘ಆಗು’. ಫೋನಿನಲ್ಲಿ ಅಮ್ಮನಿಗೆ ಚಪ್ಪಲಿಯ ಕತೆ ಹೇಳಿದಾಗ ಅವರು, “ಮತ್ತೆ? ಕಂಡ ಮೇಲೆ ಹಾಗೇ ಹೋಗ್ಲಿಕ್ಕಾಗ್ತದಾ?” ಅಂದರು. ಹೋಗಲು ಸಾಧ್ಯವೇ ಅಂತಲೋ, ಹೋಗುವುದು ಸರಿಯೇ ಅಂತಲೋ, ನನಗೆ ಈಗಲೂ ಬಿಡಿಸಲಾಗುತ್ತಿಲ್ಲ.

ಸದ್ಯಕ್ಕೆ ‘ಕಂಡೂ ಕಾಣದ ಹಾಗೆ ಇರಲಾಗದು’ ಎಂದು ಬರೆದಿಟ್ಟಿದ್ದೇನೆ. ನಮ್ಮ ಕರಾವಳಿ ಕಿವಿಗೆ ಇದರಲ್ಲಿ ಎರಡೂ ಅರ್ಥ ಕೇಳಿಸುತ್ತದೆ. ಧಾರವಾಡ, ಮೈಸೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ, ನಿಮಗೆ ‘ಇರಲಾಗದು’ ಎಂದಾಗ ಬೇಡ ಎಂಬುದೂ ಕೇಳುತ್ತದಾ, ಅಥವಾ ಬರೀ ‘ಸಾಧ್ಯವಿಲ್ಲ’ ಮಾತ್ರವಾ? ಹಳಗನ್ನಡದಲ್ಲಿ ‘ಕೂಡದು’ ಶಕ್ತಿಯಿಲ್ಲ ಎಂಬ ಅರ್ಥದಲ್ಲಿ ಬಂದದ್ದು ಯಾರಿಗಾದರೂ ನೆನಪಿದ್ದರೆ ಆ ಸಾಲನ್ನೂ ಕಳಿಸಿ.