ಶಕ 1768ರ ಪತ್ರ ನಂಬಿದರೆ ವಂಶವೃಕ್ಷದಲ್ಲಿ ಒಂದು ತಲೆಮಾರು ಜಾಸ್ತಿ ಬರುತ್ತದೆ, ಎಲ್ಲಿ ಎಡವಟ್ಟು?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಹಳೇ ಪತ್ರ ಸಿಕ್ಕಿದೆ. ಕೂಡಿಸಿ ಕೂಡಿಸಿ ಬರೆದ ಶ್ಯಾನುಭೋಗರ ಅಕ್ಷರ, ಪದಗಳ ಮಧ್ಯೆ ಜಾಗವೇ ಇಲ್ಲ. ನನಗೆ ಓದಲು ಆದದ್ದು ಇಷ್ಟು:

"ಶಾಲಿವಾಹನ ಶಕ ವರ್ಷಂಗಳು ೧೭೬೮ನೇ ಸಂದ ವರ್ತಮಾನ ... ನಾಮ ಸಂವತ್ಸರದ ಮಾಘ ಶು ೧೫ ಸೋಮವಾರದಲ್ಲು ... ತಿಮ್ಮಯ್ಯ ಬಿನ್ ಚಿಕ್ಕಣ್ಣ ... ಬರಸಿಕೊಟ್ಟ ಭೋಗ್ಯದ ಪತ್ರದ ಕ್ರಮವೆಂತೆಂದರೆ"

1768ಕ್ಕೆ 78 ಕೂಡಿದರೆ 1846. ಕಷ್ಟ ಇರುವುದು ಅಲ್ಲೇ. ನಮಗೆ ಗೊತ್ತಿರುವ ತಿಮ್ಮಯ್ಯ ನಮ್ಮ ತಾತನ ತಾತ. ಅವರು ಪ್ಲೇಗಿನ ಕಾಲದಲ್ಲಿ, ಇನ್ನೂ ಗಟ್ಟಿಮುಟ್ಟಾಗಿ ದುಡಿಯುತ್ತಿದ್ದಾಗಲೇ ಹೋದರು ಅಂತ ಅಜ್ಜಿ ಹೇಳುತ್ತಾರೆ. ಪ್ಲೇಗು ಬೆಂಗಳೂರಿಗೆ ಬಂದದ್ದೇ 1898ರಲ್ಲಿ. 1846ರಲ್ಲೇ ಪತ್ರ ಬರೆದುಕೊಡುವಷ್ಟು ದೊಡ್ಡವರಾಗಿದ್ದರೆ ಪ್ಲೇಗಿನ ಹೊತ್ತಿಗೆ ಎಪ್ಪತ್ತು ದಾಟಿರಬೇಕು. ಹಾಗಾಗಿ ಇವರು ಬೇರೆ ತಿಮ್ಮಯ್ಯ ಇರಬಹುದು ಅಂತ ವಂಶವೃಕ್ಷದಲ್ಲಿ ಮೇಲೊಂದು ತಲೆಮಾರು ಸೇರಿಸಿದ್ದೇನೆ. ಸರಿನಾ?

ಇನ್ನೊಂದು. ಬರಗಾಲದಲ್ಲಿ ಹೊಲ ಮಾರಿದರು ಅನ್ನುವ ಮಾತು ಮನೆಯಲ್ಲಿದೆ. ಆದರೆ ಆ ಹೊಲ ಈಗಲೂ ನಮ್ಮದೇ!

ಬಳ್ಳಾರಿ ಬಿಸಿಲು:
ಮೇಡಂ, ಮೊಮ್ಮಗನಿಗೆ ತಾತನ ಹೆಸರು ಇಡುವುದು ನಮ್ಮಲ್ಲಿ ಮಾಮೂಲು. ತಿಮ್ಮಯ್ಯ, ಚಿಕ್ಕಣ್ಣ, ಮತ್ತೆ ತಿಮ್ಮಯ್ಯ ಅಂತ ಬರಬಹುದು. ಇಬ್ಬರು ಇದ್ದರು ಅನ್ನುವುದರಲ್ಲಿ ಆಶ್ಚರ್ಯ ಏನಿಲ್ಲ.

ಅಥವಾ ಅದು ಶಕ ಅಲ್ಲದೆ ಫಸಲಿ, ಅಂದರೆ ಕಂದಾಯದ ವರ್ಷದ ಲೆಕ್ಕ, ಇರಬಹುದಾ? ನಮ್ಮ ಕಡೆ ಮದ್ರಾಸ್ ಕಾಲದ ಕಂದಾಯದ ಕಾಗದಗಳಲ್ಲಿ ಬರೀ ಫಸಲಿ.

ಹಳೇಕಡತ:
ಬಿಸಿಲು ಸರ್, ಫಸಲಿಗೆ 590 ಕೂಡಬೇಕು. 1768 ಫಸಲಿ ಅಂದರೆ 2358ನೇ ಇಸವಿ. ಆ ಪತ್ರ ಬರೆಯುವವರು ಇನ್ನೂ ಹುಟ್ಟಿಲ್ಲ 😄

ತೋಟದಮನೆ ಮೇಡಂ, ತಲೆಮಾರು ಸೇರಿಸುವ ಮೊದಲು ಆ ಚುಕ್ಕಿ ಹಾಕಿ ಬಿಟ್ಟಿರುವ ಪದ ಓದಬೇಕು. ನೀವು ಓದಲಾಗದೆ ಬಿಟ್ಟದ್ದು ಸಂವತ್ಸರದ ಹೆಸರು. ಹಳೇ ಪತ್ರದಲ್ಲಿ ನಾನು ಮೊದಲು ನೋಡುವುದೇ ಅದನ್ನು. ಅಂಕಿ ಬರೆಯುವಾಗ ಕೈ ಜಾರಬಹುದು, ಓದುವಾಗ ಕಣ್ಣು ಜಾರಬಹುದು. ಸಂವತ್ಸರ ಊರಿಗೆಲ್ಲಾ ಬಾಯಲ್ಲಿ ಇರುತ್ತಿತ್ತು, ಅದನ್ನು ತಪ್ಪಾಗಿ ಬರೆಯುವುದು ಕಡಿಮೆ. ಶಕ 1768 ನಿಜವಾದರೆ ಅಲ್ಲಿ "ಪರಾಭವ" ಅಂತ ಇರಬೇಕು. ನಾಲ್ಕು ಅಕ್ಷರ. ನಿಮ್ಮ ಪತ್ರದಲ್ಲಿ ಎಷ್ಟಿದೆ?

ತೋಟದಮನೆ:
ಎರಡೇ ಅಕ್ಷರ ಸರ್! ಮೊದಲನೆಯದು "ಭಾ" ಅಥವಾ "ಧಾ". ಎರಡನೆಯದರ ಮೇಲೆ ಮಡಿಕೆ ಬಿದ್ದು ಶಾಯಿ ಹೋಗಿದೆ, ಕೆಳಗೆ ಬಲಕ್ಕೆ ಒಂದು ಕೊಂಬು ಮಾತ್ರ ಕಾಣುತ್ತದೆ.

ಹಳೇಕಡತ:
ಹಾಗಾದರೆ ಪರಾಭವ ಅಲ್ಲ, 1846 ಬಿದ್ದುಹೋಯಿತು.

ಅರವತ್ತು ಸಂವತ್ಸರಗಳಲ್ಲಿ ಈ ಆಕಾರಕ್ಕೆ ಹೊಂದುವುದು ಎರಡೇ, ಭಾವ ಮತ್ತು ಧಾತು. ಕೊಂಬು ಇದೆ ಅಂದರೆ "ತು". ಧಾತು 1816ರಲ್ಲಿ ಬಂದಿತ್ತು, ಮತ್ತೆ 1876ರಲ್ಲಿ, ಆಮೇಲೆ 1936ರಲ್ಲಿ. ಶಕದಲ್ಲಿ ಹೇಳಿದರೆ 1738, 1798, 1858. ಈಗ ನಿಮ್ಮ ೧೭೬೮ರ ಮೂರನೇ ಅಂಕಿ ನೋಡಿ, ಅದು ೬ ಅಲ್ಲದೆ ೯ ಆದರೆ ಶಕ 1798. ಕೈಬರಹದಲ್ಲಿ ೬ ಮತ್ತು ೯ ಒಂದಕ್ಕೊಂದು ಕನ್ನಡಿಯಲ್ಲಿ ಕಂಡಂತೆ ಇರುತ್ತವೆ, ಬಾಲ ಯಾವ ಕಡೆ ಹೋಗಿದೆ ಅನ್ನುವುದಷ್ಟೇ ವ್ಯತ್ಯಾಸ. ಅದೇ ಪತ್ರದಲ್ಲಿ ಬೇರೆ ಕಡೆ, ಹಣದ ಸಾಲಿನಲ್ಲೋ ಕೊಳಗದ ಲೆಕ್ಕದಲ್ಲೋ, ಅನುಮಾನ ಇಲ್ಲದ ಒಂದು ೬ ಅಥವಾ ೯ ಹುಡುಕಿ ಪಕ್ಕಪಕ್ಕ ಇಟ್ಟು ನೋಡಿ. ಅಚ್ಚಿನ ಅಕ್ಷರದ ಜೊತೆ ಹೋಲಿಸಬೇಡಿ. ಅದೇ ಕೈ ಬರೆದ ಅಂಕಿಯೇ ಬೇಕು.

ಇನ್ನು 78 ಕೂಡುವ ವಿಷಯ. ಯುಗಾದಿಯಿಂದ ಡಿಸೆಂಬರ್ ಕೊನೆವರೆಗೆ ಮಾತ್ರ 78. ಜನವರಿಯಿಂದ ಮುಂದಿನ ಯುಗಾದಿವರೆಗೆ 79. ಮಾಘ ಬರುವುದು ಜನವರಿ, ಫೆಬ್ರವರಿಯಲ್ಲಿ, ಅಂದರೆ ನಿಮಗೆ ಬೇಕಾದದ್ದು 1877. ತಾಳೆ ನೋಡಲು ವಾರ ಇದೆಯಲ್ಲ. ಮಾಘ ಶು ೧೫ ಅಂದರೆ ಮಾಘ ಹುಣ್ಣಿಮೆ, 1877ರಲ್ಲಿ ಅದು ಬಿದ್ದದ್ದು ಜನವರಿ 29ಕ್ಕೆ, ಸೋಮವಾರವೇ. 78 ಕೂಡಿದರೆ ಬರುವ 1876ರ ಮಾಘ ಹುಣ್ಣಿಮೆ ಫೆಬ್ರವರಿಗೆ ಹೋಗುತ್ತದೆ, ಸೋಮವಾರದ ಹತ್ತಿರಕ್ಕೂ ಬರುವುದಿಲ್ಲ. ಸಂವತ್ಸರ, ತಿಥಿ, ವಾರ ಮೂರೂ ಒಂದೇ ದಿನಕ್ಕೆ ಬಂದು ನಿಂತವು.

ನಿಮ್ಮ ಪತ್ರ 1877 ಜನವರಿ 29ರದ್ದು. ಹಿರಿಯರ ಬಾಯಲ್ಲಿ ಧಾತು ಈಶ್ವರದ ಬರ ಅಂತ ಕೇಳಿರುತ್ತೀರಲ್ಲ? ಧಾತು ಸಂವತ್ಸರದಲ್ಲಿ ಮಳೆ ಹೋಯಿತು, ಈಶ್ವರದಲ್ಲಿ ಜನ ಸತ್ತರು. 1871ರ ಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿಯಿತು. ಮನೆಯ ಮಾತು ಸುಳ್ಳಲ್ಲ. ಆದರೆ ಪತ್ರದಲ್ಲಿ ಕ್ರಯ ಅಂತ ಎಲ್ಲೂ ಇಲ್ಲ, ಭೋಗ್ಯ ಅಂತ ಇದೆ. ಹೊಲ ಮಾರಿಲ್ಲ. ಸಾಲ ತಗೊಂಡು ಸ್ವಾಧೀನ ಬಿಟ್ಟುಕೊಟ್ಟಿದ್ದಾರೆ. ಸಾಲ ತೀರಿದ್ದರೆ ಷರಾ ಸಾಮಾನ್ಯವಾಗಿ ಹಿಂಬದಿಯಲ್ಲೇ ಬರೆದಿರುತ್ತಾರೆ. ಮೂಲ ಪತ್ರ ನಿಮ್ಮ ಮನೆಯಲ್ಲೇ ಇದೆ ಅಂದರೆ ತೀರಿದೆ ಅಂತಲೇ ನನ್ನ ಅಂದಾಜು. ಇಲ್ಲದಿದ್ದರೆ ಅದು ಸಾಲ ಕೊಟ್ಟವರ ಮನೆಯಲ್ಲಿ ಇರಬೇಕಿತ್ತು. ತಿರುಗಿಸಿ ನೋಡಿ.

ಧಾರವಾಡದಾವ:
ನಿಮ್ಮದು ಕನ್ನಡದಾಗ ಐತಿ, ಪುಣ್ಯ ಮಾಡೀರಿ ಅಕ್ಕಾರ. ನಮ್ಮ ಕಡೆ ಕುಲಕರ್ಣಿ ದಫ್ತರು ಅಂದರೆ ಮೋಡಿ ಲಿಪಿ, ಮರಾಠಿ ಭಾಷೆ. ಪೇಶ್ವೆ ಕಾಲದ್ದಾದರೆ ಇಸವಿಯನ್ನು ಅರಬ್ಬಿ ಪದಗಳಲ್ಲೇ ಬರೆದಿರುತ್ತಾರೆ, "ಇಹಿದೆ ಸಿತೈನ ಮಯಾ ವ ಅಲಫ" ಅಂತ. ಒಂದು, ಅರವತ್ತು, ನೂರು, ಸಾವಿರ. ಕೂಡಿಸಿದರೆ 1161. ಅದಕ್ಕೆ 599 ಸೇರಿಸಬೇಕು, ಜನವರಿ ಬಂದ ಮೇಲೆ ಆದರೆ 600. ಅಂದರೆ 1760-61, ಪಾಣಿಪತ್ ಯುದ್ಧದ ವರ್ಷ. ಆ ವರ್ಷ ಶುರುವಾಗುವುದು ಯುಗಾದಿಗೆ ಅಲ್ಲ, ಜೂನ್‌ನಲ್ಲಿ ಮೃಗಶಿರಾ ಮಳೆ ಹೂಡಿದಾಗ.

ಒಂದು ಅನುಕೂಲ ನಮಗೆ ಐತಿ. ಹೆಳವರು ಬರುತ್ತಾರೆ. ನಮ್ಮ ಮನೆತನದ ಹೆಸರುಗಳನ್ನು ಮೂಲಪುರುಷನಿಂದ ಹಿಡಿದು ಹೇಳುತ್ತಾರೆ, ಅವರ ಹತ್ತಿರ ಹಳೇ ಪುಸ್ತಕವೂ ಇದೆ. ಇಸವಿ ಮಾತ್ರ ಅವರನ್ನು ಕೇಳಬಾರದು. ಯಾರ ಮಗ ಯಾರು, ಯಾವ ಊರಿಂದ ಎದ್ದು ಬಂದರು, ಅದಕ್ಕೆ ಅವರೇ ಸೈ.

ತೋಟದಮನೆ:
ಹಳೇಕಡತ ಸರ್, ಹಣದ ಸಾಲಿನಲ್ಲಿ "ಅರವತ್ತು" ಅಂತ ಅಕ್ಷರದಲ್ಲೂ ೬೦ ಅಂತ ಅಂಕಿಯಲ್ಲೂ ಇದೆ. ಅಲ್ಲಿನ ೬ರ ಬಾಲ ಒಂದು ಕಡೆ, ಶಕದ ಅಂಕಿಯ ಬಾಲ ಇನ್ನೊಂದು ಕಡೆ. ಅದು ೯ ಅನ್ನುವುದರಲ್ಲಿ ಇನ್ನು ಅನುಮಾನ ಇಲ್ಲ.

ಹಿಂಬದಿಯಲ್ಲಿ ನಿಜವಾಗಿಯೂ ಬರಹ ಇದೆ! ಬೇರೆ ಕೈ, ಬೇರೆ ಶಾಯಿ, ಮೂರು ಸಾಲು. "ತಾರಣ ಸಂ॥ದ ವೈಶಾಖ ... ಅಸಲು ಬಡ್ಡಿ ಸಹಾ ಸಂದಾಯ ... ಭೂಮಿ ಬಿಟ್ಟುಕೊಟ್ಟು". ಅಸಲು ಎಷ್ಟು ಅಂತ ಓದಲು ಆಗುತ್ತಿಲ್ಲ, ಅಲ್ಲಿ ಹುಳು ತಿಂದಿದೆ. ತಾರಣ ಅಂದರೆ 1884 ಅಲ್ವಾ?

ಮುಂದಿನ ಪ್ರಶ್ನೆ. ಹೊಲ "ಬೆದ್ದಲು ೧ ಖಂಡುಗ ೧೦ ಕೊಳಗ" ಅಂತ ಇದೆ. ಇದು ಎಷ್ಟು ಎಕರೆ? ಈಗಿನ ಪಹಣಿಯಲ್ಲಿ ಯಾವ ಸರ್ವೆ ನಂಬರು ಅಂತ ಗೊತ್ತುಮಾಡಿಕೊಳ್ಳಬೇಕು.

ಹಳೇಕಡತ:
ಹೌದು, 1884ರ ಏಪ್ರಿಲ್, ಮೇ ಸುಮಾರಿಗೆ ಬರುತ್ತದೆ. ಏಳು ವರ್ಷದಲ್ಲಿ ಬಿಡಿಸಿಕೊಂಡಿದ್ದಾರೆ, ಆ ಕಾಲಕ್ಕೆ ಸಣ್ಣ ಮಾತಲ್ಲ.

ಖಂಡುಗವನ್ನು ಎಕರೆ ಮಾಡಲು ಹೋಗಬೇಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಅದು ಧಾನ್ಯದ ಅಳತೆ. ಇಲ್ಲಿ ಹೇಳಿರುವುದು ಅಷ್ಟು ಬೀಜ ಹಿಡಿಯುವ ನೆಲ ಅಂತ. ಗದ್ದೆಯ ಖಂಡುಗ ಬೇರೆ, ಬೆದ್ದಲಿನದು ಬೇರೆ, ಊರಿಂದ ಊರಿಗೂ ಬದಲು. ಯಾರಾದರೂ ಗಟ್ಟಿಯಾಗಿ ಒಂದು ಅಂಕಿ ಹೇಳಿದರೆ ನಂಬಬೇಡಿ, ನಾನು ಹೇಳಿದರೂ ಅಷ್ಟೇ.

ಹೊಲ ಗುರುತಿಸಲು ಚಕ್ಕುಬಂದಿ ಸಾಲು ಹಿಡಿಯಿರಿ. ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಹಳ್ಳ, ತೆಂಕಲಿಗೆ ಗಾಡಿ ದಾರಿ, ಹಾಗೆ ಬರೆದಿರುತ್ತಾರೆ. ಪಕ್ಕದ ಹೊಲದವರ ಹೆಸರುಗಳನ್ನು ಮೊದಲು ಪಟ್ಟಿ ಮಾಡಿಕೊಳ್ಳಿ. ಮೈಸೂರು ಸೀಮೆಯಲ್ಲಿ ಸರ್ವೆ ಶುರುವಾದದ್ದು 1863ರಲ್ಲಿ, ಒಂದೊಂದೇ ತಾಲ್ಲೂಕು ಹಿಡಿದು ದಶಕಗಟ್ಟಲೆ ನಡೆಯಿತು. ಪತ್ರದಲ್ಲಿ ಸರ್ವೆ ನಂಬರು ಇಲ್ಲದಿರುವುದರಲ್ಲಿ ವಿಚಿತ್ರ ಏನೂ ಇಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ, ನಿಮ್ಮ ಗ್ರಾಮದ ಹಳೇ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ನಕಲು ಕೇಳಿ. ಸರ್ವೆ ಕಡೆಯವರ ಹತ್ತಿರ ಟಿಪ್ಪಣಿ (ಹೊಲದ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಸಿಗುತ್ತದೆ. ಅಕ್ಕಪಕ್ಕದ ನಂಬರುಗಳಲ್ಲಿ ಚಕ್ಕುಬಂದಿಯವರ ಮಕ್ಕಳ, ಮೊಮ್ಮಕ್ಕಳ ಹೆಸರು ಬಂದರೆ ನಿಮ್ಮ ಹೊಲ ಮಧ್ಯೆ ಇದೆ ಅಂತ ಅರ್ಥ. ನಿಮ್ಮದೊಂದೇ ನಂಬರು ಕೇಳಿದರೆ ಈ ಕೆಲಸ ಆಗುವುದಿಲ್ಲ, ಸುತ್ತಲಿನ ನಂಬರುಗಳನ್ನೂ ಸೇರಿಸಿ ಕೇಳಿ.

ಬಳ್ಳಾರಿ ಬಿಸಿಲು:
ಹಾಗಾದರೆ ಇಬ್ಬರು ತಿಮ್ಮಯ್ಯರ ಕಥೆ ಮುಗಿಯಿತು ಅನ್ನಿ.

ಹಳೇಕಡತ:
ಮುಕ್ಕಾಲು ಭಾಗ. ಪತ್ರದಲ್ಲಿ "ಬಿನ್ ಚಿಕ್ಕಣ್ಣ", ಅಂದರೆ ಚಿಕ್ಕಣ್ಣನ ಮಗ ಅಂತ ಇದೆ. ಪ್ಲೇಗಿನಲ್ಲಿ ತೀರಿಕೊಂಡ ತಿಮ್ಮಯ್ಯನವರ ತಂದೆಯೂ ಚಿಕ್ಕಣ್ಣನೇ ಅಂತ ಬೇರೆ ಯಾವುದಾದರೂ ಕಾಗದದಲ್ಲಿ ಸಿಗಬೇಕು. ಅಲ್ಲಿವರೆಗೆ ಆ ಹೆಚ್ಚುವರಿ ತಲೆಮಾರನ್ನು ಪೂರ್ತಿ ಅಳಿಸದೆ ಪೆನ್ಸಿಲಲ್ಲಿ ಇಟ್ಟಿರಿ.

ಮೇಡಂ, ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪೂ ಬೇಡ. ಮಡಿಕೆ ಬಿಡಿಸಿ, ಕಿಟಕಿ ಪಕ್ಕ ಇಟ್ಟು, ಬೆಳಕು ಒಂದು ಮಗ್ಗುಲಿಂದ ಬೀಳುವ ಹಾಗೆ ಫೋಟೋ ತೆಗೆಯಿರಿ. ಶಾಯಿ ಹೋದ ಕಡೆಯೂ ಲೇಖನಿ ಒತ್ತಿದ ಗೀರು ಕಾಣುತ್ತದೆ.

ತೋಟದಮನೆ:
ತೆಗೆದೆ ಸರ್. "ತು" ಚೆನ್ನಾಗಿ ಕಂಡಿತು. ಸಾಕ್ಷಿಗಳ ಸಾಲಿನಲ್ಲಿ ಪಕ್ಕದೂರಿನ ಪಟೇಲರ ಹೆಸರೂ ಎದ್ದು ಬಂತು, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಅವರ ಹತ್ತಿರ ಹಳೇ ಕಾಗದ ಏನಾದರೂ ಉಳಿದಿದೆಯಾ ಅಂತ ಈ ಭಾನುವಾರ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಕೇಳುತ್ತೇನೆ. ಚಿಕ್ಕಣ್ಣನ ಹೆಸರು ಸಿಕ್ಕರೆ ಇಲ್ಲೇ ಹಾಕುತ್ತೇನೆ.