ಘಾಟಿ ಹತ್ತುವಾಗ ಜೆಟ್ಟಾ 1.9 ಟಿಡಿಐ ಎಳೆತ ಬಿಡುತ್ತದೆ, ಕೋಡ್ ಪಿ0234: ಟರ್ಬೊ ಬದಲಿಸಲೇಬೇಕಾ?

ಕುಡ್ಲ_ಜೆಟ್ಟಾ
ಗಾಡಿ 2009ರ ಫೋಕ್ಸ್‌ವ್ಯಾಗನ್ ಜೆಟ್ಟಾ 1.9 ಟಿಡಿಐ, ಪಿಡಿ ಇಂಜಿನ್ (ಪ್ರತಿ ಸಿಲಿಂಡರಿಗೂ ಪಂಪ್ ಸೇರಿದ ಇಂಜೆಕ್ಟರ್), ಮ್ಯಾನುವಲ್ ಗೇರ್, 2,38,000 ಕಿ.ಮೀ. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಮೂರನೇ ಗೇರಿನಲ್ಲಿ ಕಾಲು ಪೂರ್ತಿ ಕೊಟ್ಟರೆ 2800–3000 ಆರ್‌ಪಿಎಂ ಹತ್ತಿರ ಒಮ್ಮೆಲೇ ಎಳೆತ ನಿಲ್ಲುತ್ತದೆ, ಗ್ಲೋ ಪ್ಲಗ್ ದೀಪ ಮಿಣುಕುತ್ತದೆ. ಬದಿಗೆ ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಂತದೂ ಆಗದ ಹಾಗೆ ಓಡುತ್ತದೆ. ನಂತೂರು, ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಒಂದು ದಿನವೂ ತೊಂದರೆ ಇಲ್ಲ. ನೀಲಿ ಹೊಗೆ ಇಲ್ಲ, ಟರ್ಬೊ ಶಿಳ್ಳೆ ಹೆಚ್ಚಾದದ್ದೂ ಇಲ್ಲ, ಆಯಿಲ್ ಕಡಿಮೆ ಆಗುವುದಿಲ್ಲ. ಸ್ಕ್ಯಾನರಿನಲ್ಲಿ ಪಿ0234 ಒಂದೇ. ಗ್ಯಾರೇಜಿನವರು ಟರ್ಬೊ ಹೋಗಿದೆ, ಹೊಸತು ಹಾಕಿ ಎನ್ನುತ್ತಾರೆ. ಅಷ್ಟು ಖರ್ಚು ಮಾಡುವ ಮೊದಲು ಏನೇನು ನೋಡಬೇಕು?

ಬೈಕಂಪಾಡಿ_ಡೀಸೆಲ್
ಟರ್ಬೊಗೆ ಈಗಲೇ ದುಡ್ಡು ಕೊಡಬೇಡಿ ಮಾರಾಯ್ರೆ. ಪಿ0234 ಅಂದರೆ ಓವರ್‌ಬೂಸ್ಟ್. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕೇಳಿದ್ದಕ್ಕಿಂತ ಹೆಚ್ಚು ಗಾಳಿ ಒತ್ತಡ ಬಂದಿದೆ ಎಂದರ್ಥ. ಸತ್ತ ಟರ್ಬೊ ಹೆಚ್ಚು ಒತ್ತಡ ಕೊಡುವುದಿಲ್ಲ, ಕಡಿಮೆ ಕೊಡುತ್ತದೆ. ಆಗ ಬರುವ ಕೋಡ್ ಪಿ0299.

ಇದು ವೇನ್ ಇರುವ ಟರ್ಬೊ, ಅಂದರೆ ಒಳಗೆ ತಿರುಗುವ ಸಣ್ಣ ರೆಕ್ಕೆಗಳು ಉಂಟು. ಕಡಿಮೆ ಆರ್‌ಪಿಎಂನಲ್ಲಿ ವೇನ್‌ಗಳು ಮುಚ್ಚಿಕೊಂಡು ಎಕ್ಸಾಸ್ಟ್ ಗ್ಯಾಸನ್ನು ಸಣ್ಣ ಸಂದಿಯಿಂದ ರಭಸವಾಗಿ ಬಿಡುತ್ತವೆ. ಆರ್‌ಪಿಎಂ ಏರಿದ ಹಾಗೆ ತೆರೆದುಕೊಳ್ಳಬೇಕು. ಮಸಿ ಕಟ್ಟಿ ಅರ್ಧದಲ್ಲಿ ಹಿಡಿದುಕೊಂಡರೆ ಒತ್ತಡ ಏರುತ್ತಲೇ ಹೋಗುತ್ತದೆ, ಇಸಿಯು ಕೆಲವು ಸೆಕೆಂಡ್ ನೋಡಿ ಟರ್ಬೊ ಒತ್ತಡವನ್ನೇ ಕಡಿತ ಮಾಡುತ್ತದೆ. ಅದೇ ಲಿಂಪ್ ಮೋಡ್. ಊರೊಳಗೆ ಅಷ್ಟು ಲೋಡ್ ಬರುವುದೇ ಇಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಮಸಿ ಕಟ್ಟುವುದು ಮಾತ್ರ ಆ ಊರೊಳಗಿನ ಓಡಾಟದಲ್ಲೇ.

ಮೊದಲು ಲಾಗ್ ತೆಗೆಯಿರಿ. ವಿಸಿಡಿಎಸ್‌ನಲ್ಲಿ (ಫೋಕ್ಸ್‌ವ್ಯಾಗನ್ ಗಾಡಿಗಳ ಸ್ಕ್ಯಾನ್ ಸಾಫ್ಟ್‌ವೇರ್) ಇಂಜಿನ್, ಮೆಷರಿಂಗ್ ಬ್ಲಾಕ್ 011: ಆರ್‌ಪಿಎಂ, ಕೇಳಿದ ಬೂಸ್ಟ್, ಬಂದ ಬೂಸ್ಟ್, ಎನ್75 ಡ್ಯೂಟಿ (ವೇನ್ ಆಡಿಸುವ ವ್ಯಾಕ್ಯೂಮ್ ವಾಲ್ವಿಗೆ ಇಸಿಯು ಕೊಡುವ ಆಜ್ಞೆ). ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ 1500ರಿಂದ ಕಾಲು ಪೂರ್ತಿ ಕೊಟ್ಟು 3000 ದಾಟುವವರೆಗೆ. ಮೂಲ್ಕಿ–ಪಡುಬಿದ್ರಿ ಕಡೆ ಬೆಳಿಗ್ಗೆ ಬೇಗ ರಸ್ತೆ ಖಾಲಿ ಸಿಗುತ್ತದೆ. ಲ್ಯಾಪ್‌ಟಾಪ್ ನೋಡಲಿಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕೇ ಬೇಕು.

ಅದಕ್ಕೂ ಮೊದಲು ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ ಬ್ಲಾಕ್ 010 ನೋಡಿ. ವಾತಾವರಣದ ಒತ್ತಡ, ಬೂಸ್ಟ್ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಮಂಗಳೂರಿನಲ್ಲಿ ಸುಮಾರು 1000–1010 ಮಿಲಿಬಾರ್. ಬೂಸ್ಟ್ ಮಾತ್ರ 1100 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಮುಂದಿನದ್ದೆಲ್ಲ ದಂಡ.

ಇನ್ನೊಂದು: ಘಾಟಿಯಲ್ಲಿ ಲಿಂಪ್ ಬಂದರೆ ಓಡುತ್ತಿರುವಾಗಲೇ ಕೀ ತಿರುಗಿಸಿ ರೀಸೆಟ್ ಮಾಡುವ ಚಟ ಕೆಲವರಿಗೆ ಉಂಟು. ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕಿನ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮುಗಿಯುತ್ತದೆ. ನಿಲ್ಲಿಸಿಯೇ ಮಾಡಿ.

ಕಾಪು_ಲಾರಾ
ಸ್ಕೋಡಾ ಲಾರಾದಲ್ಲೂ ಇದೇ ಇಂಜಿನ್. ಎಂಎಎಫ್ ಸೆನ್ಸರ್ (ಒಳಗೆ ಬರುವ ಗಾಳಿ ಅಳೆಯುವುದು) ಕ್ಲೀನ್ ಮಾಡಿ ನೋಡಬಹುದಲ್ಲ? ಸುಲಭದ ಕೆಲಸ.

ಬೈಕಂಪಾಡಿ_ಡೀಸೆಲ್
@ಕಾಪು_ಲಾರಾ ಎಂಎಎಫ್ ಸೋತರೆ ಗಾಡಿ ಮಂದ ಆಗುತ್ತದೆ, ಇಸಿಯು ಡೀಸೆಲ್ ಕಡಿಮೆ ಕೊಡುತ್ತದೆ. ಓವರ್‌ಬೂಸ್ಟ್ ಕೋಡಿಗೂ ಅದಕ್ಕೂ ಸಂಬಂಧ ಇಲ್ಲ. ಸುಲಭ ಎಂಬ ಕಾರಣಕ್ಕೆ ಮುಟ್ಟಿದರೆ ಆ ಸಣ್ಣ ಫಿಲ್ಮ್ ಹಾಳಾಗಿ ಹೊಸ ತೊಂದರೆ ಶುರುವಾಗುತ್ತದೆ.

ಕುಡ್ಲ_ಜೆಟ್ಟಾ
ಲಾಗ್ ಸಿಕ್ಕಿತು. ಕೀ ಆನ್: ವಾತಾವರಣ 1005, ಬೂಸ್ಟ್ 1010. ಓಟದಲ್ಲಿ:
1900 ಆರ್‌ಪಿಎಂ: ಕೇಳಿದ್ದು 2090, ಬಂದದ್ದು 2060
2400: ಕೇಳಿದ್ದು 2150, ಬಂದದ್ದು 2310
2800: ಕೇಳಿದ್ದು 2150, ಬಂದದ್ದು 2520, ಎನ್75 ಡ್ಯೂಟಿ ಕೆಳಗೆ ಇಳಿಯುತ್ತಾ ಹೋಯಿತು
ಆಮೇಲೆ ಲಿಂಪ್.

ಮಣಿಪಾಲ_ವ್ಯಾಕ್ಯೂಮ್
ಚೆನ್ನಾದ ಲಾಗ್, ಕಥೆಯೆಲ್ಲ ಇದರಲ್ಲೇ ಉಂಟು. ಇಸಿಯು ಡ್ಯೂಟಿ ಇಳಿಸಿ "ತೆರೆ" ಅನ್ನುತ್ತಿದೆ, ವೇನ್ ಕೇಳುತ್ತಿಲ್ಲ. ಬೂಸ್ಟ್ ಹೋಸ್ ಸೋರಿಕೆ, ಇಂಟರ್‌ಕೂಲರ್ ತೂತು ಎಲ್ಲ ಬಿಟ್ಟುಬಿಡಿ. ಅವು ಒತ್ತಡ ಕಡಿಮೆ ಮಾಡುವ ಜಾತಿ.

ಆದರೆ ವೇನ್ ಜಾಮ್ ಎಂದು ತೀರ್ಮಾನ ಮಾಡುವ ಮೊದಲು ಎನ್75 ಸೊಲೆನಾಯ್ಡನ್ನು ಬೇರೆ ಮಾಡಿ ನೋಡಬೇಕು. ಅದು ವ್ಯಾಕ್ಯೂಮ್ ಕೊಡುವುದು ಮಾತ್ರ ಅಲ್ಲ, ಬಿಡಲಿಕ್ಕೂ ಬೇಕು. ಬಿಡುವ ದಾರಿ ದೂಳಿನಿಂದ ಕಟ್ಟಿದರೆ ಆ್ಯಕ್ಚುಯೇಟರಿನಲ್ಲಿ (ವ್ಯಾಕ್ಯೂಮಿನಿಂದ ರಾಡ್ ಎಳೆದು ವೇನ್ ಆಡಿಸುವ ಡಬ್ಬಿ) ವ್ಯಾಕ್ಯೂಮ್ ಉಳಿದುಕೊಂಡು ಇದೇ ಲಾಗ್ ಬರುತ್ತದೆ. ಅದು ಸಣ್ಣ ಖರ್ಚಿನ ರಿಪೇರಿ.

ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್, ಗೇಜ್ ಇರುವಂಥದ್ದು ತನ್ನಿ. ಟರ್ಬೊ ಇಂಜಿನ್ ಹಿಂದೆ, ಫೈರ್‌ವಾಲ್ ಬದಿಗೆ. ಕನ್ನಡಿ, ಟಾರ್ಚ್ ಇಲ್ಲದೆ ಆ್ಯಕ್ಚುಯೇಟರ್ ರಾಡ್ ಕಾಣುವುದಿಲ್ಲ. ಇಂಜಿನ್ ತಣ್ಣಗಿರುವಾಗ ಎನ್75ರಿಂದ ಬರುವ ಹೋಸ್ ತೆಗೆದು ಪಂಪನ್ನು ನೇರ ಆ್ಯಕ್ಚುಯೇಟರಿಗೆ ಹಾಕಿ. 0.6 ಬಾರ್‌ವರೆಗೆ ನಿಧಾನ ಎಳೆಯಿರಿ. ರಾಡ್ ಒಂದೇ ಸಮನೆ ಜಾರಬೇಕು, ಗೇಜ್ ಒಂದು ನಿಮಿಷ ಅಲ್ಲಾಡಬಾರದು. ಇಳಿದರೆ ಡಯಾಫ್ರಂ ತೂತು. ನಂತರ ನಿಧಾನ ಬಿಡಿ. ನಿಮ್ಮ ತೊಂದರೆಗೆ ಮುಖ್ಯವಾದದ್ದು ಈ ಹಿಂದಿರುಗುವ ದಾರಿ. ತಡೆದು ತಡೆದು ಬಂದರೆ, ಕೊನೆಗೆ "ಟಕ್" ಎಂದು ಹಾರಿದರೆ ಜಾಮ್ ಅದೇ. ಎರಡೂ ಕಡೆ ಬೆಣ್ಣೆಯ ಹಾಗೆ ಜಾರಿದರೆ ಎನ್75 ಬದಲಿಸಿ.

ವ್ಯಾಕ್ಯೂಮ್ ಹೋಸ್‌ಗಳನ್ನೂ ಬಗ್ಗಿಸಿ ನೋಡಿ. ಇಷ್ಟು ವರ್ಷದ ಬಟ್ಟೆ ಸುತ್ತಿದ ರಬ್ಬರ್ ತುದಿಯಲ್ಲಿ ಒಡೆದಿರುತ್ತದೆ. ಬದಲಿಸುವುದಾದರೆ ದಪ್ಪ ಗೋಡೆಯದ್ದೇ ಹಾಕಿ. ಅಕ್ವೇರಿಯಂ ಅಂಗಡಿಯ ತೆಳು ಸಿಲಿಕಾನ್ ಪೈಪ್ ವ್ಯಾಕ್ಯೂಮಿಗೆ ಚಪ್ಪಟೆಯಾಗುತ್ತದೆ.

ಕುಡ್ಲ_ಜೆಟ್ಟಾ
ಎಳೆಯುವಾಗ ಸರಿ, ಗೇಜ್ ನಿಲ್ಲುತ್ತದೆ. ಬಿಡುವಾಗ ಅರ್ಧಕ್ಕೆ ನಿಂತು, ಪೂರ್ತಿ ಗಾಳಿ ಬಿಟ್ಟ ಮೇಲೆ ಹಾರಿ ಬರುತ್ತದೆ. ರಾಡಿನ ಮೇಲೆ ತುಕ್ಕು ಚೆನ್ನಾಗಿಯೇ ಉಂಟು. ಮನೆ ಪಣಂಬೂರು ಬೀಚಿನ ಹತ್ತಿರ.

ಮಣಿಪಾಲ_ವ್ಯಾಕ್ಯೂಮ್
ಹಾಗಾದರೆ ಇನ್ನೊಂದು ಪರೀಕ್ಷೆ. ರಾಡನ್ನು ಲಿವರಿಗೆ ಹಿಡಿದಿಡುವ ಕ್ಲಿಪ್ ತೆಗೆದು ಲಿವರನ್ನು ಕೈಯಲ್ಲೇ ಆಡಿಸಿ. ಕ್ಲಿಪ್ ಕೆಳಗೆ ಬಿದ್ದರೆ ಸಿಗುವುದಿಲ್ಲ, ದಾರ ಕಟ್ಟಿಕೊಳ್ಳಿ. ಲಿವರ್ ಸಲೀಸಾದರೆ ತುಕ್ಕು ಹಿಡಿದ ಆ್ಯಕ್ಚುಯೇಟರ್ ಮಾತ್ರ ತಪ್ಪಿತಸ್ಥ. ಉಪ್ಪು ಗಾಳಿಯ ಊರಿನಲ್ಲಿ ಅದೂ ಆಗುವುದುಂಟು. ಲಿವರೇ ಬಿಗಿ ಇದ್ದರೆ ಒಳಗಿನ ವೇನ್ ರಿಂಗ್. ಸ್ಟಾಪ್ ಸ್ಕ್ರೂವನ್ನೂ ರಾಡಿನ ಉದ್ದವನ್ನೂ ತಿರುಗಿಸಲಿಕ್ಕೆ ಹೋಗಬೇಡಿ, ಅದು ಸೆಟ್ ಮಾಡಿ ಬಂದದ್ದು.

ಕುಡ್ಲ_ಜೆಟ್ಟಾ
ಲಿವರೇ ಬಿಗಿ. ಓವನ್ ಕ್ಲೀನರ್ ಸ್ಪ್ರೇ ಒಳಗೆ ಹೊಡೆದರೆ ಟರ್ಬೊ ಇಳಿಸದೆ ಆಗುತ್ತದೆ ಎಂದು ವೀಡಿಯೊ ನೋಡಿದೆ.

ಬೈಕಂಪಾಡಿ_ಡೀಸೆಲ್
ಅದು ಕಾಸ್ಟಿಕ್. ಮಸಿ ಕರಗುತ್ತದೆ ಸರಿ, ಅಲ್ಯೂಮಿನಿಯಮ್ಮಿಗೆ ತಾಗಿದರೆ ತಿನ್ನುತ್ತದೆ, ತೊಳೆದು ತೆಗೆಯಲಿಕ್ಕೆ ದಾರಿಯೂ ಇಲ್ಲ. ಇಳಿಸಿಯೇ ಮಾಡಿ. ಕೆಲಸ ಹೆಚ್ಚಿನದು ಕೆಳಗಿನಿಂದ, ಲಿಫ್ಟ್ ಇರುವ ಗ್ಯಾರೇಜ್ ಬೇಕು.

ಈ ಇಂಜಿನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಟರ್ಬೈನ್ ಹೌಸಿಂಗ್ ಎರಡೂ ಒಂದೇ ತುಂಡು, ಹಾಗಾಗಿ ಮ್ಯಾನಿಫೋಲ್ಡ್ ಸಮೇತ ಬರುತ್ತದೆ. ಹಿಂದಿನ ದಿನವೇ ಎಲ್ಲ ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಸ್ಟಡ್ ಮುರಿದರೆ ಹೆಡ್ ಕೆಲಸ ಮೈಮೇಲೆ ಬರುತ್ತದೆ. ಹೌಸಿಂಗ್ ಬಿಚ್ಚುವ ಮೊದಲು ಎರಡು ತುಂಡಿಗೂ ಸೇರಿ ಗುರುತು ಗೀಚಿ. ಟರ್ಬೈನ್ ಚಕ್ರಕ್ಕೆ ಏನೂ ತಾಗಬಾರದು.

ಚಕ್ರದ ಆಟವನ್ನು ಆಗಲೇ ನೋಡಿ. ಅಡ್ಡಕ್ಕೆ ಸ್ವಲ್ಪ ಆಟ ಸಹಜ, ಆಯಿಲ್ ಇಲ್ಲದಿರುವಾಗ ಇನ್ನೂ ಹೆಚ್ಚು ಕಾಣುತ್ತದೆ. ಮುಂದೆ ಹಿಂದೆ ಆಟ ಕೈಗೆ ಸಿಗಬಾರದು. ಚಕ್ರ ಗೋಡೆಗೆ ಉಜ್ಜಿದ ಗುರುತಿದ್ದರೆ ತೊಳೆದು ಪ್ರಯೋಜನ ಇಲ್ಲ, ಕಾರ್ಟ್ರಿಡ್ಜ್ (ಚಕ್ರ, ಬೇರಿಂಗ್ ಇರುವ ನಡುವಿನ ತುಂಡು) ಹಾಕಿಸಬೇಕು. ಇಲ್ಲದಿದ್ದರೆ ವೇನ್ ರಿಂಗನ್ನು ರಾತ್ರಿಯಿಡೀ ಡೀಸೆಲಿನಲ್ಲಿ ನೆನೆಸಿ ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ. ಉಕ್ಕಿನ ಬ್ರಷ್, ಸ್ಯಾಂಡ್ ಪೇಪರ್ ಬೇಡ. ಒಂದೊಂದು ವೇನ್ ಸ್ವಂತ ಪಿನ್ನಿನ ಮೇಲೆ ಬೆರಳಿನಲ್ಲೇ ತಿರುಗಬೇಕು. ಗ್ರೀಸ್ ಹಚ್ಚಬೇಡಿ, ಆ ಬಿಸಿಗೆ ಸುಟ್ಟು ಮತ್ತೆ ಅಂಟಾಗುತ್ತದೆ.

ಹೊಸತೇ ಹಾಕಬೇಕಾದದ್ದು: ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಡೌನ್‌ಪೈಪ್ ಗ್ಯಾಸ್ಕೆಟ್, ಆಯಿಲ್ ರಿಟರ್ನ್ ಗ್ಯಾಸ್ಕೆಟ್, ಫೀಡ್ ಪೈಪಿನ ವಾಷರ್, ಮ್ಯಾನಿಫೋಲ್ಡ್ ನಟ್. ನಟ್ 25 ನ್ಯೂಟನ್ ಮೀಟರ್, ನಡುವಿನಿಂದ ಹೊರಕ್ಕೆ. ಫೀಡ್ ಪೈಪ್ ಜೋಡಿಸುವ ಮೊದಲು ಆ ತೂತಿಗೆ ಹೊಸ ಆಯಿಲ್ ಸುರಿದು ಚಕ್ರ ಕೈಯಲ್ಲಿ ತಿರುಗಿಸಿ. ಸ್ಟಾರ್ಟ್ ಮಾಡಿ ಒಂದು ನಿಮಿಷ ಐಡಲ್, ಆ್ಯಕ್ಸಲರೇಟರ್ ಮುಟ್ಟಬೇಡಿ.

ಕುಡ್ಲ_ಜೆಟ್ಟಾ
ಆಯಿತು. ಚಕ್ರದಲ್ಲಿ ಉಜ್ಜಿದ ಗುರುತು ಇರಲಿಲ್ಲ, ಮುಂದೆ ಹಿಂದೆ ಆಟವೂ ಇಲ್ಲ. ಮಸಿ ಮಾತ್ರ ಗಟ್ಟಿ ಪದರ. ಈಗಿನ ಲಾಗ್ 2800ರಲ್ಲಿ ಕೇಳಿದ್ದು 2150, ಬಂದದ್ದು 2180. ಶಿರಾಡಿ ಒಂದೇ ಉಸಿರಿಗೆ ಹತ್ತಿತು. ಮತ್ತೆ ಕಟ್ಟದ ಹಾಗೆ ಎಂತ ಮಾಡ್ಲಿ?

ಬೈಕಂಪಾಡಿ_ಡೀಸೆಲ್
ವಾರಕ್ಕೊಮ್ಮೆ ಇಂಜಿನ್ ಬಿಸಿಯಾದ ಮೇಲೆ ಹೈವೇಯಲ್ಲಿ ಮೂರನೇ ಗೇರಿನಲ್ಲಿ 3000 ದಾಟಿಸಿ, ಲೋಡ್ ಕೊಟ್ಟು. 1500ರಲ್ಲೇ ಐದನೇ ಗೇರ್ ಹಾಕಿ ಮೈಲೇಜ್ ಉಳಿಸುವುದೇ ಮಸಿಗೆ ಆಹ್ವಾನ. ಮಳೆಗಾಲ ಮುಗಿದ ಕೂಡಲೇ ರಾಡ್, ಲಿವರ್ ಪಿನ್ ನೋಡಿ.

ಆಯಿಲ್ ವಿಷಯ ಇದಕ್ಕಿಂತ ದೊಡ್ಡದು. ಡಬ್ಬದ ಮೇಲೆ ಫೋಕ್ಸ್‌ವ್ಯಾಗನ್ನಿನ ಆಯಿಲ್ ಮಾನದಂಡ 505.01 ಅಥವಾ 507.00 ಎಂದು ಬರೆದಿರಬೇಕು. 5ಡಬ್ಲ್ಯೂ-40 ಎಂದು ಇದ್ದರೆ ಸಾಲದು, ಅದು ದಪ್ಪದ ಲೆಕ್ಕ ಮಾತ್ರ. ಪಿಡಿ ಇಂಜಿನಿನಲ್ಲಿ ಕ್ಯಾಮ್‌ಶಾಫ್ಟೇ ಇಂಜೆಕ್ಟರನ್ನೂ ಒತ್ತುತ್ತದೆ. ಅದಕ್ಕೆ ಜಾಗ ಬಿಟ್ಟು ವಾಲ್ವಿನ ಲೋಬ್‌ಗಳು (ವಾಲ್ವ್ ಒತ್ತುವ ಉಬ್ಬುಗಳು) ಸಪೂರ ಆಗಿವೆ, ತಪ್ಪು ಆಯಿಲಿಗೆ ಅವು ಸವೆಯುತ್ತವೆ. 10,000 ಕಿ.ಮೀ.ಗೆ ಬದಲಿಸಿ. 2.4 ಲಕ್ಷ ಹತ್ತಿರ ಬಂದಿದೆಯಲ್ಲ, ವಾಲ್ವ್ ಕವರ್ ಒಮ್ಮೆ ತೆಗೆಸಿ ಲೋಬಿನ ಅಂಚು ನೋಡಿ. ತುದಿ ಚೂಪಾಗಿದ್ದರೆ, ಲೋಬಿನ ಕೆಳಗಿರುವ ಟ್ಯಾಪೆಟ್ ಮೇಲ್ಮೈಯಲ್ಲಿ ಗುಳಿ ಬಿದ್ದಿದ್ದರೆ ಫೋಟೊ ಹಾಕಿ, ಅದಕ್ಕೆ ಬೇರೆ ಚರ್ಚೆ ಶುರು ಮಾಡುವ.

ಕಾಪು_ಲಾರಾ
ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂದೂ ಬಿಲ್ ನೋಡಿ. ಬಿಲ್ ಇಲ್ಲದಿದ್ದರೆ ಹಾಕಿಲ್ಲ ಎಂದೇ ಲೆಕ್ಕ. ವಾಟರ್ ಪಂಪ್, ಟೆನ್ಷನರ್ ಒಟ್ಟಿಗೇ ಹಾಕಿಸಿ.